ತಂಡ ಒಡೆದರೆ ಆಟ ಒಡೆಯುತ್ತದೆ

ಬೆಂಗಳೂರಿನ ಗೇಮ್ ಸ್ಟುಡಿಯೋಗಳನ್ನು ನಡೆಸುವವರಿಗೆ, ಅವುಗಳಿಗೆ ಹಣ ಹೂಡುವವರಿಗೆ ಒಂದು ಬಹಿರಂಗ ಪತ್ರ



ಈ ಪತ್ರ ಬರೆಯುತ್ತಿರುವುದು ಒಬ್ಬ ಗೇಮ್ ಟೆಸ್ಟರ್. ನೀವು ಮಾಡಿಸುವ ಆಟಗಳನ್ನು ಜನರ ಕೈಗೆ ಹೋಗುವ ಮುಂಚೆ ಆಡಿ, ಎಲ್ಲೆಲ್ಲಿ ಕೈಕೊಡುತ್ತವೆ ಎಂದು ಹುಡುಕಿ ಬರೆದಿಡುವುದು ನಮ್ಮ ಕೆಲಸ. ಹೀಗೆ ಹುಡುಕುತ್ತಾ ಹೋದವರಿಗೆ ಒಂದು ವಿಷಯ ನಿಧಾನವಾಗಿ ಮನದಟ್ಟಾಗುತ್ತದೆ. ದೊಡ್ಡ ತೊಂದರೆಯ ಬೇರು ಹಿಡಿದು ಹಿಂದಕ್ಕೆ ಹೋದರೆ ಬಹಳ ಸಲ ಸಿಗುವುದು ತಿಂಗಳುಗಟ್ಟಲೆ ಹಿಂದೆ ಯಾವುದೋ ಮೀಟಿಂಗ್‌ನಲ್ಲಿ ಆದ ಸಿಬ್ಬಂದಿ ತೀರ್ಮಾನ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕಾಂಟ್ರಾಕ್ಟ್ ಮೇಲೆ ತರಬೇಕು, ಯಾರನ್ನು ಇನ್ನೊಂದು ಪ್ರಾಜೆಕ್ಟಿಗೆ ಎಳೆದುಕೊಳ್ಳಬೇಕು ಎಂಬ ತೀರ್ಮಾನ.

ಆ ಮೀಟಿಂಗ್‌ನಲ್ಲಿ ಕೂರುವವರು ನೀವು. ಅದಕ್ಕೇ ಈ ಪತ್ರ ನಿಮಗೆ. ನನ್ನ ಮಾತು ಇಷ್ಟೇ: ಸಿಬ್ಬಂದಿಯ ಬಗ್ಗೆ ನೀವು ಮಾಡುವ ತೀರ್ಮಾನವೇ ಆಟದ ಗುಣಮಟ್ಟದ ತೀರ್ಮಾನ. ಮೊದಲನೆಯದನ್ನು ಎಚ್‌ಆರ್ ಮತ್ತು ಲೆಕ್ಕಪತ್ರದವರಿಗೆ ಬಿಟ್ಟುಕೊಟ್ಟು, ಎರಡನೆಯದನ್ನು ನಮ್ಮಿಂದ ನಿರೀಕ್ಷಿಸಿದರೆ ಆಗುವುದಿಲ್ಲ.

ಒಂದು ಸಣ್ಣ ಬಗ್‌ನಿಂದ ಶುರು ಮಾಡುತ್ತೇನೆ. ಹಿಂದೆ ಕೆಲಸ ಮಾಡಿದ ಒಂದು ಸ್ಟುಡಿಯೋದಲ್ಲಿ ನಾವು ನೋಡುತ್ತಿದ್ದ ಆಟದಲ್ಲಿ ಗೋದಾಮಿನ ಲೆವೆಲ್ ಒಂದಿತ್ತು. ಆಟಗಾರ ಶಟರ್ ಎತ್ತಿ ಒಳಗೆ ನುಗ್ಗಬೇಕು. ಶಟರ್ ಅರ್ಧ ಎತ್ತಿದಾಗ ಆಟ ತಾನಾಗಿ ಸೇವ್ ಆಗಿ, ಅದೇ ಗಳಿಗೆಯಲ್ಲಿ ಆಟಗಾರ ಸತ್ತರೆ, ಮತ್ತೆ ಶುರುವಾದಾಗ ಶಟರ್ ತೆರೆದಂತೆ ಕಾಣುತ್ತದೆ, ಒಳಗೆ ಮಾತ್ರ ಬಿಡುವುದಿಲ್ಲ. ಅಲ್ಲಿಗೆ ಕಥೆ ಮುಗಿಯಿತು, ಮೊದಲಿನಿಂದ ಆಡಬೇಕು. ಎಲ್ಲ ಸರಿಯಾಗಿ ಕೂಡಿಬಂದಾಗ ಮಾತ್ರ ಕಾಣಿಸುವ ಬಗ್ ಅದು. ಹಿಡಿದವರು ನಮ್ಮ ಟೀಮಿನ ಹಿರಿಯ ಟೆಸ್ಟರ್. ಅದೇ ಎಂಜಿನ್‌ನಲ್ಲಿ ಮಾಡಿದ ಹಿಂದಿನ ಆಟದಲ್ಲಿ ಲಿಫ್ಟ್ ಒಂದು ಹೀಗೇ ಕೈಕೊಟ್ಟಿದ್ದು ಅವರಿಗೆ ನೆನಪಿತ್ತು. ಪ್ರೋಗ್ರಾಮರ್ ಪಕ್ಕದಲ್ಲಿ ಕೂತು ಮಾಡಿ ತೋರಿಸಿದರು, ಸರಿಯಾಯಿತು.

ಬಿಡುಗಡೆಗೆ ಕೆಲವು ತಿಂಗಳಿರುವಾಗ ಅವರ ಕಾಂಟ್ರಾಕ್ಟ್ ಮುಗಿಯಿತು, ಮುಂದುವರಿಸಲಿಲ್ಲ. ಶಟರ್‌ನ ಕೋಡ್ ಬರೆದವರು ಬೇರೆ ಪ್ರಾಜೆಕ್ಟಿಗೆ ಹೋದರು. ಮುಂದೊಂದು ಬಿಲ್ಡ್‌ನಲ್ಲಿ ಸೇವ್ ಆಗುವ ರೀತಿ ಬದಲಾಯಿತು, ಬಗ್ ಮರಳಿ ಬಂತು. ಹೊಸದಾಗಿ ಸೇರಿದ ಹುಡುಗನೊಬ್ಬ ಅದನ್ನು ಒಮ್ಮೆ ಕಂಡು ವರದಿ ಮಾಡಿದ. ಮತ್ತೆ ಮಾಡಿ ತೋರಿಸಲು ಅವನಿಂದಾಗಲಿಲ್ಲ. ‘ಮತ್ತೆ ಕಾಣಿಸಿಲ್ಲ’ ಎಂದು ಬರೆದು ಮುಚ್ಚಿದರು. ಅದನ್ನು ಎರಡನೆಯ ಸಲ ಕಂಡವರು ದುಡ್ಡು ಕೊಟ್ಟು ಆಟ ಕೊಂಡವರು.

ಆ ಹುಡುಗನದೇನೂ ತಪ್ಪಿಲ್ಲ. ಹಳೆಯ ವರದಿ ಡೇಟಾಬೇಸ್‌ನಲ್ಲೇ ಇತ್ತು. ಅದು ಇದೆ ಎನ್ನುವುದು, ಏನೆಂದು ಹುಡುಕಿದರೆ ಸಿಗುತ್ತದೆ ಎನ್ನುವುದು ಮಾತ್ರ ಬಿಟ್ಟುಹೋದವರ ತಲೆಯಲ್ಲಿತ್ತು. ಆಟದ ತಯಾರಿಯಲ್ಲಿ ಹೀಗೆ ತಲೆಯಿಂದ ತಲೆಗಷ್ಟೇ ದಾಟುವ ತಿಳಿವಳಿಕೆ ರಾಶಿ ಇರುತ್ತದೆ. ಪಾತ್ರದ ಓಟದ ವೇಗ ಏಕೆ ಇಷ್ಟೇ ಇದೆ, ಯಾವ ಟೂಲ್ ಏನು ಮಾಡಿದರೆ ಕ್ರ್ಯಾಶ್ ಆಗುತ್ತದೆ, ಯಾವ ಸಾಲು ಕೋಡನ್ನು ಏಕೆ ಮುಟ್ಟಬಾರದು, ಹಿಂದೊಮ್ಮೆ ಯಾವ ಉಪಾಯ ಮಾಡಿ ನೋಡಿ ಏಕೆ ಕೈಬಿಟ್ಟೆವು. ಇದನ್ನೆಲ್ಲ ಬರೆದಿಡಿ ಎಂದು ಹೇಳುವುದು ಸುಲಭ. ಬರೆದಿಡಲು ಯಾವ ಡೆಡ್‌ಲೈನೂ ಬಿಡುವು ಕೊಡುವುದಿಲ್ಲ; ಬರೆದರೂ ಅದರ ಅರ್ಧ ಬಾಯಿಮಾತಿನಲ್ಲೇ ಉಳಿಯುತ್ತದೆ.

ಇದೇ ನಷ್ಟ ದೊಡ್ಡ ಪ್ರಮಾಣದಲ್ಲಿ ಆದಾಗ ಏನಾಗುತ್ತದೆ ಎಂದು ತಿಳಿಯಲು ಅಮೆರಿಕದ ‘ಹೇಲೋ ಇನ್ಫಿನಿಟ್’ ಆಟವನ್ನು ನೋಡಬೇಕು. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ಗೆ ಹೆಸರು ತಂದುಕೊಟ್ಟ ಸರಣಿ ಅದು. ತಯಾರಿಸಿದ್ದು ಮೈಕ್ರೋಸಾಫ್ಟ್‌ನದೇ 343 ಇಂಡಸ್ಟ್ರೀಸ್. ಹಣಕ್ಕೆ ಬರವಿರಲಿಲ್ಲ, ಪ್ರತಿಭೆಗೂ ಇರಲಿಲ್ಲ. 2020ರ ಕೊನೆಯಲ್ಲಿ ಹೊಸ ಎಕ್ಸ್‌ಬಾಕ್ಸ್ ಜೊತೆಗೇ ಬರಬೇಕಿದ್ದ ಆಟ ಆ ಜುಲೈಯಲ್ಲಿ ತೋರಿಸಿದ ತುಣುಕಿನಿಂದ ಅಭಿಮಾನಿಗಳಿಗೆ ನಿರಾಸೆ ಮಾಡಿ, 2021ರ ಡಿಸೆಂಬರ್‌ಗೆ ಬಂತು.

ಆ ಸ್ಟುಡಿಯೋ ಕಾಂಟ್ರಾಕ್ಟ್ ನೌಕರರನ್ನು ಬಹಳವಾಗಿ ನೆಚ್ಚಿಕೊಂಡಿತ್ತು. ಮೈಕ್ರೋಸಾಫ್ಟ್ ನಿಯಮದ ಪ್ರಕಾರ ಕಾಂಟ್ರಾಕ್ಟ್ ನೌಕರ 18 ತಿಂಗಳು ದುಡಿದ ಮೇಲೆ 6 ತಿಂಗಳು ಹೊರಗಿರಬೇಕು. ಈ ನಿಯಮಕ್ಕೊಂದು ಹಿನ್ನೆಲೆಯಿದೆ. ವರ್ಷಗಟ್ಟಲೆ ಕಾಯಂ ನೌಕರರಂತೆಯೇ ದುಡಿಸಿಕೊಂಡು ಅವರ ಸೌಲಭ್ಯ ಮಾತ್ರ ಕೊಡಲಿಲ್ಲ ಎಂದು 1990ರ ದಶಕದಲ್ಲಿ ತಾತ್ಕಾಲಿಕ ನೌಕರರು ಕಂಪನಿಯ ಮೇಲೆ ಮೊಕದ್ದಮೆ ಹೂಡಿದರು. 2000ದಲ್ಲಿ ಕಂಪನಿ 9.7 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಷ್ಟು ಕಾಲ ಬೇಕಾಗುವ ಕೆಲಸಗಾರರನ್ನು ಕಾಯಂ ಮಾಡಿಕೊಳ್ಳೋಣ ಎಂಬ ಪಾಠವನ್ನು ಅದರಿಂದ ಕಲಿಯಬಹುದಿತ್ತು. ಕಂಪನಿ ಕಲಿತ ಪಾಠ, ಯಾರನ್ನೂ ಅಷ್ಟು ಕಾಲ ಇಟ್ಟುಕೊಳ್ಳಬಾರದು ಎಂಬುದು.

ಕೋರ್ಟಿಗೆ ಹೆದರಿ ಮಾಡಿದ ಆ ಲೆಕ್ಕ ಆಟದೊಳಕ್ಕೆ ಹೇಗೆ ಇಳಿಯಿತು ನೋಡಿ. ಹೇಲೋದ ‘ಸ್ಲಿಪ್‌ಸ್ಪೇಸ್’ ಎಂಜಿನ್ ಸ್ಟುಡಿಯೋದ ಒಳಗೇ ಬಳಸುವಂಥದ್ದಾಗಿತ್ತು. ಅದರ ಬುಡದಲ್ಲಿ ಸರಣಿಯ ಮೊದಲ ದಿನಗಳ ಹಳೆಯ ಕೋಡ್ ಇತ್ತು, ಟೂಲ್‌ಗಳು ಸತಾಯಿಸುತ್ತಿದ್ದವು. ಹೊರಗೆ ಎಲ್ಲಿಯೂ ಅದನ್ನು ಕಲಿಯಲು ಬರುತ್ತಿರಲಿಲ್ಲ. ಒಳಗೆ ಬಂದ ಮೇಲೇ ಕಲಿಯಬೇಕಿತ್ತು. ಮೊದಲ ಕೆಲವು ತಿಂಗಳು ಕಲಿಕೆಗೆ ಹೋಯಿತು. ಕೈ ಪಳಗಿ ನಾಲ್ಕು ಕೆಲಸ ಸಲೀಸಾಗಿ ಆಗತೊಡಗಿದಾಗ 18 ತಿಂಗಳು ತುಂಬಿತು. ಕಲಿತವರು ಹೊರಟರು, ಅದೇ ಕುರ್ಚಿಗೆ ಬಂದವರು ಮತ್ತೆ ಮೊದಲಿನಿಂದ ಕಲಿಯತೊಡಗಿದರು. ಅಲ್ಲಿ ದುಡಿದವರ ಈ ಅನುಭವವನ್ನು ಬ್ಲೂಮ್‌ಬರ್ಗ್ 2021ರ ಡಿಸೆಂಬರ್‌ನಲ್ಲಿ ವರದಿ ಮಾಡಿತು.

ಆಟ ಬಂದಾಗ ಜನ ಮೊದಲು ಮೆಚ್ಚಿಕೊಂಡರು. ಬಂದೂಕಿನ ಹಿಡಿತ, ಕೊಕ್ಕೆ ಎಸೆದು ಹಾರುವ ಮಜಾ ಎಲ್ಲ ಚೆನ್ನಾಗಿತ್ತು. ಆಮೇಲೆ ಬರಬೇಕಾದ್ದು ಬರಲಿಲ್ಲ. ಮೊದಲ ಸೀಸನ್ನನ್ನೇ ಸುಮಾರು 6 ತಿಂಗಳು ಎಳೆದರು. ಗೆಳೆಯರು ಕೂಡಿ ಕಥೆ ಆಡುವ ಸೌಲಭ್ಯ, ಆಟಗಾರರೇ ಲೆವೆಲ್ ಕಟ್ಟುವ ‘ಫೋರ್ಜ್’ ಎರಡೂ ಬಂದದ್ದು 2022ರ ನವೆಂಬರ್‌ನಲ್ಲಿ. ಒಂದೇ ಟಿವಿಯ ಮುಂದೆ ಇಬ್ಬರು ಕೂತು ಕಥೆ ಆಡುವುದನ್ನಂತೂ ಕೈಬಿಟ್ಟರು, ಅದೇ ಈ ಸರಣಿಯ ಹಳೆಯ ಸಂತೋಷವಾಗಿತ್ತು. ಕಾಯ್ದು ಕಾಯ್ದು ಆಟಗಾರರು ಬೇರೆ ಆಟಗಳಿಗೆ ಹೋದರು. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ 10,000 ಜನರನ್ನು ತೆಗೆದಾಗ ಈ ಸ್ಟುಡಿಯೋದವರೂ ಅದರಲ್ಲಿದ್ದರು. 2024ರಲ್ಲಿ ಸ್ಟುಡಿಯೋ ಹೆಸರು ಬದಲಿಸಿಕೊಂಡು, ಮುಂದಿನ ಹೇಲೋ ಆಟಗಳನ್ನು ಅನ್‌ರಿಯಲ್ ಎಂಜಿನ್‌ನಲ್ಲಿ ಮಾಡುವುದಾಗಿ ಹೇಳಿತು. ಹೊರಗೆ ಜಗತ್ತಿನಾದ್ಯಂತ ಜನ ಕಲಿತಿರುವ ಎಂಜಿನ್ ಅದು.

ಎಲ್ಲ ತಪ್ಪನ್ನೂ ಕಾಂಟ್ರಾಕ್ಟ್ ನಿಯಮದ ತಲೆಗೆ ಕಟ್ಟುವುದಿಲ್ಲ. ಹಳೆಯ ಎಂಜಿನ್ ಒಂದು ಹೊರೆ, ಪದೇ ಪದೇ ಬದಲಾದ ನಾಯಕರು ಇನ್ನೊಂದು. ಆದರೆ ಇವೆರಡನ್ನೂ ಅನುಭವಸ್ಥ ಟೀಮ್ ಹೇಗೋ ಸಂಭಾಳಿಸಿಕೊಂಡು ಹೋಗುತ್ತದೆ. ಎಂಜಿನ್ ಕಷ್ಟದ್ದಾಗಿದ್ದಷ್ಟೂ ಅದನ್ನು ಬಲ್ಲವರನ್ನು ಉಳಿಸಿಕೊಳ್ಳಬೇಕು; ಅಲ್ಲಿ ನಿಯಮವೇ ಅದಕ್ಕೆ ಅಡ್ಡಿಯಾಗಿತ್ತು.

ಕಾಂಟ್ರಾಕ್ಟ್ ಮುಗಿಯದೆಯೂ ತಂಡ ಕರಗುತ್ತದೆ. ಆಸ್ಟಿನ್ನಿನ ಅರ್ಕೇನ್ ಸ್ಟುಡಿಯೋ 2017ರಲ್ಲಿ ‘ಪ್ರೇ’ ಮಾಡಿತ್ತು, ಒಬ್ಬರೇ ಕೂತು ಆಡುವ, ಬುದ್ಧಿಗೆ ಕೆಲಸ ಕೊಡುವ ಸೊಗಸಾದ ಆಟ. ಮುಂದೆ ಅದೇ ಸ್ಟುಡಿಯೋದಿಂದ ನಾಲ್ವರು ಕೂಡಿ ಗುಂಡು ಹಾರಿಸುವ ‘ರೆಡ್‌ಫಾಲ್’ ಮಾಡಿಸಿದರು. ಆ ಬಗೆಯ ಆಟದಲ್ಲಿ ಮನಸ್ಸಿಲ್ಲದವರು ಒಬ್ಬೊಬ್ಬರಾಗಿ ಬಿಟ್ಟರು. ರೆಡ್‌ಫಾಲ್ ಮುಗಿಯುವ ಹೊತ್ತಿಗೆ ‘ಪ್ರೇ’ ಮಾಡಿದ್ದ ಆಸ್ಟಿನ್ ತಂಡದಲ್ಲಿ ಸುಮಾರು ಶೇ 70ರಷ್ಟು ಜನ ಅಲ್ಲಿರಲಿಲ್ಲ ಎಂದು ಬ್ಲೂಮ್‌ಬರ್ಗ್ ವರದಿ ಮಾಡಿದೆ. 2023ರ ಮೇ ತಿಂಗಳಲ್ಲಿ ಆಟ ಬಂದ ಸ್ಥಿತಿ ಹೇಗಿತ್ತೆಂದರೆ, ಎಕ್ಸ್‌ಬಾಕ್ಸ್ ಮುಖ್ಯಸ್ಥರೇ ಕ್ಷಮೆ ಕೇಳಬೇಕಾಯಿತು. ಒಂದು ವರ್ಷಕ್ಕೆ ಸ್ಟುಡಿಯೋ ಮುಚ್ಚಿದರು. ಬಾಗಿಲ ಮೇಲಿನ ಹೆಸರು ಕೊನೆಯವರೆಗೂ ಅರ್ಕೇನ್ ಎಂದೇ ಇತ್ತು. ಆ ಹೆಸರಿಗೆ ಬೆಲೆ ತಂದವರಲ್ಲಿ ಬಹುಪಾಲು ಜನ ಮೊದಲೇ ಹೊರಟುಹೋಗಿದ್ದರು.

‘ಕರ್ಬಲ್ ಸ್ಪೇಸ್ ಪ್ರೋಗ್ರಾಮ್ 2’ ಆಟದ ಕಥೆ ಇನ್ನೂ ನೇರ. ರಾಕೆಟ್ ಕಟ್ಟಿ ಕಕ್ಷೆಗೆ ಕಳಿಸುವ ಈ ಆಟವನ್ನು ಸ್ಟಾರ್ ಥಿಯರಿ ಎಂಬ ಸ್ಟುಡಿಯೋ ಮಾಡುತ್ತಿತ್ತು. 2019ರ ಡಿಸೆಂಬರ್‌ನಲ್ಲಿ ಪ್ರಕಾಶಕ ಕಂಪನಿ ಟೇಕ್-ಟೂ ಪ್ರಾಜೆಕ್ಟನ್ನು ಹಿಂದಕ್ಕೆ ಪಡೆದು, ಅಲ್ಲಿನ ಕೆಲಸಗಾರರಿಗೆ ತನ್ನ ಹೊಸ ಸ್ಟುಡಿಯೋದಲ್ಲಿ ಕೆಲಸ ಕೊಡುವುದಾಗಿ ನೇರವಾಗಿ ಸಂದೇಶ ಕಳಿಸಿತು. ಸುಮಾರು ಮೂರನೇ ಒಂದರಷ್ಟು ಜನ ಹೋದರು, ಸ್ಟಾರ್ ಥಿಯರಿ ಮುಚ್ಚಿತು. 2023ರ ಫೆಬ್ರವರಿಯಲ್ಲಿ ಆಟ 50 ಡಾಲರ್ ಬೆಲೆಗೆ ಅರೆಬರೆಯಾಗಿ ಬಂತು. ಮೊದಲನೆಯ ಆಟದಲ್ಲಿದ್ದದ್ದೇ ಎಷ್ಟೋ ಇದರಲ್ಲಿರಲಿಲ್ಲ. 2024ರಲ್ಲಿ ಆ ಹೊಸ ಸ್ಟುಡಿಯೋವನ್ನೂ ಮುಚ್ಚಿದರು. ಕಾಗದದ ಮೇಲೆ ಪ್ರಾಜೆಕ್ಟನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ಸಾಗಿಸಬಹುದು. ಅದನ್ನು ಮಾಡಬಲ್ಲ ತಂಡದ ಮೂರನೇ ಒಂದು ಭಾಗ ಬಂದರೆ ಸಾಕೆಂದು ಎಣಿಸಿದ್ದೇ ಎಡವಟ್ಟು.

ಹಾಗಾದರೆ ಕೊನೆಯ ಹೊತ್ತಿಗೆ ಇನ್ನಷ್ಟು ಜನ ಹಾಕಿದರಾಯಿತು ಎನ್ನುತ್ತೀರಿ. ಈ ಉತ್ತರವನ್ನು ಪ್ರತಿ ಬಿಡುಗಡೆಗೆ ಮುಂಚೆಯೂ ಕೇಳಿದ್ದೇವೆ. ಐಬಿಎಂನಲ್ಲಿ ದೊಡ್ಡ ಸಾಫ್ಟ್‌ವೇರ್ ಕಟ್ಟಿಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ತೋರಿಸಿಕೊಟ್ಟರು: ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ. ಲೆಕ್ಕ ಸರಳ. 10 ಜನರ ಟೀಮಿನಲ್ಲಿ ಒಬ್ಬರಿಗೊಬ್ಬರು ಮಾತಾಡಬೇಕಾದ ಜೋಡಿಗಳು 45. ಜನ 20 ಆದರೆ ಜೋಡಿಗಳು 190. ಹೊಸಬರಿಗೆ ಕಲಿಸಬೇಕಾದವರು ಯಾರು? ಕೆಲಸ ಬಲ್ಲ ಅದೇ ನಾಲ್ಕು ಜನ. ಬಿಡುಗಡೆಗೆ ತಿಂಗಳಿರುವಾಗ ಅವರ ದಿನವೆಲ್ಲ ಕಲಿಸುವುದಕ್ಕೆ ಹೋಗುತ್ತದೆ, ಅವರ ಕೆಲಸ ರಾತ್ರಿಗೆ ಉಳಿಯುತ್ತದೆ.

ಇನ್ನೊಂದು ದಾರಿ ಇದೆ. 2010ರ ದಶಕದ ಆರಂಭದಲ್ಲಿ ಕ್ಯೋಟೋದ ನಿಂಟೆಂಡೋ ಕಂಪನಿಗೆ ಕಷ್ಟ ಬಂದಿತ್ತು, ವೀ ಯೂ ಯಂತ್ರ ಮಾರಾಟವಾಗುತ್ತಿರಲಿಲ್ಲ. 2013ರ ಷೇರುದಾರರ ಸಭೆಯಲ್ಲಿ ಜನರನ್ನು ಏಕೆ ತೆಗೆಯುತ್ತಿಲ್ಲ ಎಂಬ ಪ್ರಶ್ನೆ ಬಂದಾಗ ಅಧ್ಯಕ್ಷ ಸತೋರು ಇವಾಟಾ ಕೊಟ್ಟ ಉತ್ತರದ ಸಾರ ಇದು: ತಲೆ ಎಣಿಸಿ ತೆಗೆದರೆ ಆ ವರ್ಷದ ಲೆಕ್ಕ ಚೆನ್ನಾಗಿ ಕಾಣಬಹುದು, ಉಳಿದವರ ಸ್ಥೈರ್ಯ ಉಡುಗುತ್ತದೆ, ಕೆಲಸ ಹೋದೀತೆಂದು ಹೆದರಿಕೊಂಡಿರುವವರಿಂದ ಜಗತ್ತಿಗೆ ಹಿಡಿಸುವ ಆಟ ಬರಲಾರದು. 2014ರ ಜನವರಿಯಲ್ಲಿ ಅವರು 5 ತಿಂಗಳ ಮಟ್ಟಿಗೆ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ಶಿಗೆರು ಮಿಯಾಮೊಟೊ ಶೇ 30ರಷ್ಟು ಬಿಟ್ಟುಕೊಟ್ಟರು. ಇವಾಟಾ ಸ್ವತಃ ಪ್ರೋಗ್ರಾಮರ್ ಆಗಿದ್ದವರು. ಅವರು 2015ರಲ್ಲಿ ತೀರಿಕೊಂಡರು. ಅಂದು ಜನರನ್ನು ಉಳಿಸಿಕೊಂಡ ಕಂಪನಿ 2017ರಲ್ಲಿ ತಂದ ಸ್ವಿಚ್ ಯಂತ್ರ 15 ಕೋಟಿಗೂ ಹೆಚ್ಚು ಮಾರಾಟವಾಯಿತು.

ಆ ಸ್ಥಿರತೆ ಆಟದಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ನಿಂಟೆಂಡೋದ ಜೆಲ್ಡಾ ಸರಣಿಯ 2023ರ ‘ಟಿಯರ್ಸ್ ಆಫ್ ದ ಕಿಂಗ್‌ಡಮ್’ ಸಾಕ್ಷಿ. ಹಲಗೆಗೆ ಚಕ್ರ ಅಂಟಿಸಿ ಗಾಡಿ ಮಾಡಬಹುದು, ಕಲ್ಲಿಗೆ ರಾಕೆಟ್ ಕಟ್ಟಿ ಹಾರಿಸಬಹುದು, ಬಾಗಿಲಿಗೆ ಮರದ ದಿಮ್ಮಿ ತುರುಕಿ ತಡೆಯಬಹುದು. ಯಾವ ವಸ್ತುವಿಗೆ ಯಾವುದನ್ನು ಅಂಟಿಸಿದರೂ ಆಟ ತಡೆದುಕೊಳ್ಳಬೇಕು. ಟೆಸ್ಟರ್ ಆಗಿ ಹೇಳುತ್ತೇನೆ, ಇದನ್ನು ಪರೀಕ್ಷಿಸುವ ಕೆಲಸ ನೆನೆಸಿಕೊಂಡರೇ ಎದೆ ಝಲ್ಲೆನ್ನುತ್ತದೆ. 2024ರಲ್ಲಿ ಆಟ ತಯಾರಕರ ಸಮ್ಮೇಳನವೊಂದರಲ್ಲಿ ಆ ತಂಡದ ಭೌತಶಾಸ್ತ್ರ ಪ್ರೋಗ್ರಾಮರ್ ವಿವರಿಸಿದರು: ಜಗತ್ತಿನ ವಸ್ತುಗಳನ್ನೆಲ್ಲ ಭೌತಶಾಸ್ತ್ರದ ನಿಯಮಕ್ಕೆ ಒಪ್ಪಿಸಿದ ಮೇಲೆ ಶುರುವಿನಲ್ಲಿ ಮುರಿದದ್ದೇ ಮುರಿದದ್ದು, ಹಾರಿಹೋದದ್ದೇ ಹಾರಿಹೋದದ್ದು. ಗೊತ್ತು, ಆಮೇಲೆ ಸರಿಮಾಡೋಣ ಎಂದು ಅವರು ತಾಳ್ಮೆಯಿಂದ ಹೇಳುತ್ತಿದ್ದರಂತೆ. ನಾಳೆ ತಾನೂ ಇರುತ್ತೇನೆ, ಪಕ್ಕದವರೂ ಇರುತ್ತಾರೆ ಎಂಬ ಭರವಸೆ ಇದ್ದವರಷ್ಟೇ ಆಡಬಹುದಾದ ಮಾತು ಅದು. ನಿರ್ದೇಶಕ ಹಿದೆಮಾರೊ ಫುಜಿಬಯಾಶಿ 2011ರ ಜೆಲ್ಡಾ, 2017ರ ಜೆಲ್ಡಾ, ಇದು, ಮೂರನ್ನೂ ನಿರ್ದೇಶಿಸಿದವರು. ಮೂರಕ್ಕೂ ನಿರ್ಮಾಪಕ ಐಜಿ ಆವೊನುಮಾ. 2022ರಲ್ಲಿ ಬಿಡುಗಡೆಯನ್ನು ಮುಂದೂಡಿದಾಗ ಆಟ ಬಹುಮಟ್ಟಿಗೆ ಮುಗಿದಿತ್ತು, ಉಳಿದ ಸಮಯವನ್ನು ತಿದ್ದಿ ತೀಡುವುದಕ್ಕೇ ಕೊಟ್ಟೆವು ಎಂದು ಆವೊನುಮಾ ಹೇಳಿದ್ದಾರೆ.

ಇಡೀ ತಿರುಗಾಟ ಒಟ್ಟಿಗೆ ಮಾಡಿದ ಯಕ್ಷಗಾನ ಮೇಳದಲ್ಲಿ ಭಾಗವತರು ಪದ ಎತ್ತುವ ಮುಂಚೆಯೇ ಮದ್ದಳೆಗಾರರ ಕೈ ಸಿದ್ಧವಾಗಿರುತ್ತದೆ. ಒಟ್ಟಿಗೆ ಮೂರು ಆಟ ಮಾಡಿದ ತಂಡವೂ ಹಾಗೆಯೇ.

ನಿಂಟೆಂಡೋವನ್ನು ದೇವರು ಮಾಡಲು ಹೊರಟಿಲ್ಲ. ಜಪಾನಿನ ಕಾನೂನು ಜನರನ್ನು ಸುಲಭಕ್ಕೆ ತೆಗೆಯಲು ಬಿಡುವುದಿಲ್ಲ. ಅದೇ ಕಂಪನಿಯ ಅಮೆರಿಕ ಶಾಖೆಯಲ್ಲಿ ಕಾಂಟ್ರಾಕ್ಟ್ ಟೆಸ್ಟರ್‌ಗಳು ತಮ್ಮನ್ನು ಎರಡನೇ ದರ್ಜೆಯವರಂತೆ ಕಾಣುತ್ತಾರೆ ಎಂದು 2022ರಲ್ಲಿ ದೂರಿದ್ದರು. ಹಾಗೆಯೇ ಹೊರಗಿನವರಿಂದ ಕೆಲಸ ಮಾಡಿಸುವುದೇ ಕೆಟ್ಟದ್ದು ಎಂದೂ ನಾನು ಹೇಳುತ್ತಿಲ್ಲ. ಫ್ರಾನ್ಸಿನ ಸ್ಯಾಂಡ್‌ಫಾಲ್ ಸ್ಟುಡಿಯೋದ ಮುಖ್ಯ ತಂಡದಲ್ಲಿ ಇದ್ದದ್ದು ಸುಮಾರು 30 ಜನ. ಆನಿಮೇಷನ್‌ಗೆ, ಟೆಸ್ಟಿಂಗ್‌ಗೆ ಹೊರಗಿನವರ ನೆರವು ಪಡೆದು ಅವರು ತಂದ ‘ಎಕ್ಸ್‌ಪೆಡಿಷನ್ 33’ 2025ರ ಅತ್ಯುತ್ತಮ ಆಟ ಎಂಬ ಪ್ರಶಸ್ತಿ ಗೆದ್ದಿತು. ತಂಡ ದೊಡ್ಡದಿರಬೇಕಿಲ್ಲ. ಆಟ ಏನು, ಏಕೆ ಹೀಗೆ ಎಂದು ಬಲ್ಲ ನಡುತಂಡ ಮೊದಲಿನಿಂದ ಕೊನೆಯವರೆಗೆ ಉಳಿಯಬೇಕು. ಅದು ಉಳಿದರೆ ಹೊರಗಿನ ಕೈಗಳಿಗೂ ದಾರಿ ತಿಳಿಯುತ್ತದೆ.

ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಆಟ ಮುಗಿದ ಮರುದಿನ ಅಷ್ಟೂ ಜನರಿಗೆ ಕೆಲಸ ಇರುವುದಿಲ್ಲ, ಸಂಬಳ ಮಾತ್ರ ತಿಂಗಳು ತಿಂಗಳೂ ಕೊಡಬೇಕು. ಅದಕ್ಕೆ ಪರಿಹಾರ ಯೋಜನೆಯಲ್ಲಿದೆ: ಒಂದು ಆಟ ಮುಗಿಯುವ ಹಂತಕ್ಕೆ ಬರುವಾಗಲೇ ಸಣ್ಣ ಗುಂಪೊಂದು ಮುಂದಿನದರ ನೀಲನಕ್ಷೆ ಹಾಕುತ್ತಿದ್ದರೆ, ಬಿಡುವಾದವರು ಸೇರಲು ಜಾಗ ಸಿಗುತ್ತದೆ. ಈ ಕೆಲಸ ಎರಡು ವರ್ಷ ಮುಂಚೆ ಆಗಬೇಕು, ಕೊನೆಯ ತಿಂಗಳಲ್ಲಿ ಆಗುವುದಿಲ್ಲ. ಅದನ್ನು ಮಾಡಬಲ್ಲವರು ನೀವು ಮಾತ್ರ.

ಇದನ್ನು ಬೆಂಗಳೂರಿನವರಿಗೆ ಏಕೆ ಬರೆಯುತ್ತಿದ್ದೇನೆ? 1997ರಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾದಂದಿನಿಂದ ಈ ಊರು ಜಗತ್ತಿನ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಪಾತ್ರಗಳನ್ನು ಮಾಡಿ ಕೊಡುತ್ತಿದೆ. 2019ರಲ್ಲಿ ಆ ಸ್ಟುಡಿಯೋವನ್ನು ರಾಕ್‌ಸ್ಟಾರ್ ಕೊಂಡಿತು. ಇಷ್ಟು ವರ್ಷ ಬೇರೆಯವರ ಆಟಕ್ಕೆ ಕೈಜೋಡಿಸಿದ ಊರು ಈಗ ತನ್ನದೇ ಆಟ ಮಾಡಲು ಹೊರಟಿದೆ. ಆನಿಮೇಷನ್, ವಿಎಫ್ಎಕ್ಸ್, ಗೇಮಿಂಗ್ ವಲಯಕ್ಕಾಗಿ ರಾಜ್ಯ ತಂದ 2024-29ರ ಎವಿಜಿಸಿ-ಎಕ್ಸ್‌ಆರ್ ನೀತಿ 30,000 ಉದ್ಯೋಗದ ಗುರಿ ಇಟ್ಟುಕೊಂಡಿದೆ. ಒಳ್ಳೆಯದೇ. ಆದರೆ 2025ರಲ್ಲಿ ವಿಎಫ್ಎಕ್ಸ್ ಕಂಪನಿ ಟೆಕ್ನಿಕಲರ್ ಕುಸಿದಾಗ ಇದೇ ಊರಿನಲ್ಲಿ ಅನುಭವಸ್ಥ ಕಲಾವಿದರು ದೊಡ್ಡ ಸಂಖ್ಯೆಯಲ್ಲಿ ಒಮ್ಮೆಗೇ ಬೀದಿಗೆ ಬಿದ್ದದ್ದನ್ನೂ ನೋಡಿದ್ದೇವೆ. ಸರ್ಕಾರ ಉದ್ಯೋಗ ಎಣಿಸುತ್ತದೆ, ನೀವು ತಲೆ ಎಣಿಸುತ್ತೀರಿ. ಒಂದು ತಂಡ ಎಷ್ಟು ವರ್ಷ ಒಟ್ಟಿಗಿತ್ತು ಎಂದು ಯಾರೂ ಎಣಿಸುವುದಿಲ್ಲ. ಒಳ್ಳೆಯ ಆಟಕ್ಕೆ ಬೇಕಾದ ಲೆಕ್ಕ ಅದೇ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆಗಳು ಇವು.

ಕಾಂಟ್ರಾಕ್ಟ್ ಕೊಡುವುದಾದರೆ ಕ್ಯಾಲೆಂಡರ್ ನೋಡಿ ಕೊಡಬೇಡಿ, ಆಟ ನೋಡಿ ಕೊಡಿ. ಆಟ ಬಿಡುಗಡೆಯಾಗಿ ಮೊದಲ ಪ್ಯಾಚ್‌ಗಳು ಹೋಗುವವರೆಗೆ ಅದು ನಡೆಯಲಿ. ಒಂದೇ ಕುರ್ಚಿಯಲ್ಲಿ ಎರಡನೇ ಸಲ ಅದೇ ಕೆಲಸಕ್ಕೆ ಕಾಂಟ್ರಾಕ್ಟ್ ಬರೆಯಬೇಕಾಗಿ ಬಂದರೆ, ಆ ಕೆಲಸ ಕಾಯಂ ಎಂದು ಒಪ್ಪಿಕೊಂಡು ಅದನ್ನು ಮಾಡುತ್ತಿರುವವರನ್ನು ಕಾಯಂ ಮಾಡಿ.

ಟೆಸ್ಟರ್‌ಗಳನ್ನು ಆಟ ಅರ್ಧವಾದ ಮೇಲೆ ಕರೆಯಬೇಡಿ. ಮೊದಲ ಬಿಲ್ಡ್‌ನಿಂದ ಕೆಲವರಾದರೂ ತಂಡದೊಳಗೇ, ಪ್ರೋಗ್ರಾಮರ್‌ಗಳ ಪಕ್ಕದಲ್ಲೇ ಕೂರಲಿ. ಅಮೆರಿಕದ ಆಕ್ಟಿವಿಷನ್ 2022ರಲ್ಲಿ ಸುಮಾರು 1,100 ಟೆಸ್ಟರ್‌ಗಳನ್ನು ಕಾಯಂ ಮಾಡಿತು. ಅದಕ್ಕೆ ಮುಂಚೆ ಅದರದೇ ರೇವನ್ ಸ್ಟುಡಿಯೋದ ಟೆಸ್ಟರ್‌ಗಳು ವಾರಗಟ್ಟಲೆ ಮುಷ್ಕರ ಮಾಡಿದ್ದರು. ಇಲ್ಲಿ ಅಷ್ಟರವರೆಗೆ ಹೋಗುವ ಮೊದಲೇ ಕಾಯಂ ಕೆಲಸ ಕೊಡಿ.

ಯಾರಾದರೂ ಹೊರಡುವಾಗ ನೋಟಿಸ್ ಪಿರಿಯಡ್ಡನ್ನು ಹೊಸ ಕೆಲಸದಿಂದ ತುಂಬಬೇಡಿ. ಮುಂದೆ ಬರುವವರ ಜೊತೆ ಕೂತು ಹೇಳಿಕೊಡುವುದಕ್ಕೇ ಅದನ್ನು ಮೀಸಲಿಡಿ. ಬರುವವರು ಇನ್ನೂ ನೇಮಕವಾಗಿಲ್ಲದಿದ್ದರೆ ಹೋಗುವವರನ್ನು ಬೀಳ್ಕೊಡುವ ಮೊದಲು ನೇಮಿಸಿ. ಆಟ ಮುಗಿಯುವ ಮುಂಚೆ ಹೋದವರ ಹೆಸರೂ ಕ್ರೆಡಿಟ್ಸ್‌ನಲ್ಲಿ ಇರಲಿ. ದುಡಿದದ್ದು ದಾಖಲಾಗುತ್ತದೆ ಎಂದು ತಿಳಿದವರು ಬಿಡುವಾಗಲೂ ನಾಲ್ಕು ಮಾತು ಹೆಚ್ಚೇ ಹೇಳಿಕೊಟ್ಟು ಹೋಗುತ್ತಾರೆ.

ಕಷ್ಟಕಾಲ ಬಂದರೆ ಕಡಿತ ಮೇಲಿನಿಂದ ಶುರುವಾಗಲಿ. ಇವಾಟಾ ಅವರನ್ನು ವೇದಿಕೆ ಮೇಲೆ ಹೊಗಳುವ ನಿಮ್ಮಲ್ಲಿ ಅನೇಕರು ಅವರು ಸಂಬಳ ಇಳಿಸಿಕೊಂಡ ಆ ಜನವರಿಯನ್ನೂ ನೆನಪಿಸಿಕೊಳ್ಳಿ.

ಕೊನೆಯದಾಗಿ, ಸಿಬ್ಬಂದಿ ಪಟ್ಟಿಗೆ ಕತ್ತರಿ ಹಾಕುವ ಪ್ರತಿ ಸಭೆಯಲ್ಲಿ ಆಟದ ನಿರ್ದೇಶಕರನ್ನೂ ಟೆಸ್ಟಿಂಗ್ ಮುಖ್ಯಸ್ಥರನ್ನೂ ಕೂರಿಸಿಕೊಳ್ಳಿ. ಪ್ರತಿ ಹೆಸರಿನ ಮುಂದೆ ಇವರು ಹೋದರೆ ಆಟದ ಯಾವ ಭಾಗವನ್ನು ಬಲ್ಲವರು ಯಾರೂ ಉಳಿಯುವುದಿಲ್ಲ ಎಂದು ಅವರು ಬರೆಯಲಿ. ಅದನ್ನು ಓದಿದ ಮೇಲೂ ತೆಗೆಯುವುದೇ ಸರಿ ಎನಿಸಿದರೆ ತೆಗೆಯಿರಿ. ಆಗ ಬಿಡುಗಡೆಯ ದಿನ ಬರುವ ದೂರುಗಳಿಗೆ ಉತ್ತರ ಕೊಡುವ ಹೊಣೆಯೂ ನಿಮ್ಮದೇ ಆಗಿರಲಿ. ಈ ಒಂದು ಪದ್ಧತಿಯನ್ನು ಮುಂದಿನ ಬಜೆಟ್ ಸಭೆಯಿಂದಲೇ ಶುರು ಮಾಡಿ ಎಂದು ಕೇಳಿಕೊಳ್ಳುತ್ತೇನೆ.


ನಿಮ್ಮ ಆಟಗಳನ್ನು ಎಲ್ಲರಿಗಿಂತ ಮೊದಲು ಆಡುವವರಲ್ಲೊಬ್ಬರು